ಮೊದಲು ಡಬ್ಬಿ, ಆಮೇಲೆ ಚೀಟಿ: ಸಂಕ್ರಾಂತಿಯಿಂದ ಯುಗಾದಿಯವರೆಗೆ ನಮ್ಮ ಮನೆಯ ದಿನಸಿ

ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗಿನ ಎರಡು ಎರಡೂವರೆ ತಿಂಗಳಲ್ಲಿ ಹೊಸ ದಿನಸಿಯನ್ನು ಆದಷ್ಟು ಕಡಿಮೆ ತಂದು, ಮನೆಯಲ್ಲಿರುವ ಡಬ್ಬಿಗಳನ್ನೂ ಫ್ರೀಜರನ್ನೂ ಖಾಲಿ ಮಾಡುತ್ತ ಬರುವುದು ಕೆಲವು ವರ್ಷಗಳಿಂದ ನಾನು ಪಾಲಿಸುತ್ತಿರುವ ಕ್ರಮ. ಮೈಸೂರಿನಲ್ಲಿರುವ ನಮ್ಮ ಮನೆಯಲ್ಲಿ ನಾವು ನಾಲ್ವರು: ಅತ್ತೆಯವರು, ನಮ್ಮ ಯಜಮಾನರು, ನಾನು ಮತ್ತು ಕಾಲೇಜಿಗೆ ಹೋಗುವ ಮಗಳು. ಈ ಕಾಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೊಸ ಹುಣಸೆಹಣ್ಣು, ಹೊಸ ಒಣಮೆಣಸಿನಕಾಯಿ, ಹೊಸ ತೊಗರಿಬೇಳೆ ಅಂಗಡಿಗೆ ಬರುವುದು ಈ ದಿನಗಳಲ್ಲೇ. ವರ್ಷದ ಸಾಮಾನನ್ನು ಒಟ್ಟಿಗೆ ಕೊಂಡಿಡುವ ಮನೆಗಳಲ್ಲಿ ಹಳೆಯದು ಮುಗಿಯುವ ಮುನ್ನವೇ ಹೊಸದು ಬಂದರೆ, ಹಳೆಯದು ಡಬ್ಬಿಯ ತಳ ಸೇರಿ, ಬೇಸಿಗೆಯ ಸೆಖೆಗೆ ಹುಳು ಹಿಡಿದು, ಕೊನೆಗೆ ಬೀದಿಯ ಪಾಲಾಗುತ್ತದೆ.

ಇನ್ನೊಂದು ಕಾರಣ ಹಬ್ಬಗಳು. ಭಾದ್ರಪದದ ಗೌರಿಹಬ್ಬದಿಂದ ಸಂಕ್ರಾಂತಿಯವರೆಗೆ ಸಾಮಾನು ಮನೆಗೆ ಬರುತ್ತಲೇ ಇರುತ್ತದೆ. ಮೊರದ ಬಾಗಿನದಲ್ಲಿ ಬಂದ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಬೆಲ್ಲದ ಚಿಕ್ಕ ಚಿಕ್ಕ ಪೊಟ್ಟಣಗಳು, ತಾಂಬೂಲದ ತೆಂಗಿನಕಾಯಿಗಳು, ಮಡಿಲಕ್ಕಿಯ ಕೊಬ್ಬರಿ ಗಿಟುಕು, ಸಂಕ್ರಾಂತಿಯಂದು ಮನೆಮನೆಯಿಂದ ಬಂದ ಎಳ್ಳುಬೆಲ್ಲ. ಇದರ ಮೇಲೆ ಅವರೆಕಾಯಿಯ ಕಾಲದಲ್ಲಿ ಹಿತುಕಿ ಫ್ರೀಜರಿಗೆ ಹಾಕಿದ ಬೇಳೆ ಮತ್ತು ಚಳಿಗಾಲದಲ್ಲಿ ಅಗ್ಗವಾಗಿ ಸಿಕ್ಕಾಗ ಬಿಡಿಸಿಟ್ಟ ಹಸಿ ಬಟಾಣಿ. ಯಾವುದೂ ಒಂದೊಂದಾಗಿ ನೋಡಿದರೆ ದೊಡ್ಡದಲ್ಲ. ಒಟ್ಟುಗೂಡಿಸಿದರೆ ಮಾತ್ರ ಒಂದು ಸಂಸಾರಕ್ಕೆ ಹಲವು ವಾರ ಸಾಲುತ್ತದೆ.

ಮೊದಲ ಕೆಲಸ ಕಪಾಟಿನಲ್ಲಿರುವುದನ್ನೆಲ್ಲ ಹೊರಗಿಟ್ಟು ನೋಡುವುದು. ಡಬ್ಬಿಯ ಮುಚ್ಚಳ ತೆಗೆದು ಇಣುಕಿದರೆ ಸಾಲದು. ರವೆಯನ್ನು ತಟ್ಟೆಗೆ ಸುರಿದು ಬೆರಳಿನಿಂದ ಹರಡಬೇಕು. ಕಾಳುಕಾಳಾಗಿ ಉದುರಿದರೆ ಅದು ಚೆನ್ನಾಗಿದೆ. ಜೇಡರ ಬಲೆಯಂತಹ ಸಣ್ಣ ಎಳೆಗಳಿಗೆ ಅಂಟಿಕೊಂಡು ಚಿಕ್ಕ ಚಿಕ್ಕ ಮುದ್ದೆಗಳಾಗಿ ಮೇಲೆದ್ದರೆ ಅದರಲ್ಲಿ ಹುಳು ಮನೆ ಮಾಡಿದೆ ಎಂದರ್ಥ, ಅದನ್ನು ಜರಡಿ ಹಿಡಿದು ಉಳಿಸಿಕೊಳ್ಳುವ ಆಸೆ ಬೇಡ. ಕೊಬ್ಬರಿಯನ್ನು ಉಗುರಿನಿಂದ ಗೀರಿ ಮೂಸಿದರೆ ಕಮಟು ಹಿಡಿದಿದೆಯೋ ಇಲ್ಲವೋ ತಿಳಿಯುತ್ತದೆ. ಕಡಲೆಕಾಯಿ ಬೀಜದ ವಿಷಯದಲ್ಲಿ ನಾನು ಇನ್ನಷ್ಟು ಕಟ್ಟುನಿಟ್ಟು. ಹಸಿರು ಅಥವಾ ಹಳದಿ ಬೂಷ್ಟು ಕಂಡರೆ, ಬೀಜ ಸುಕ್ಕಿ ಬಣ್ಣಗೆಟ್ಟು ಕಹಿಯಾಗಿದ್ದರೆ, ಇಡೀ ಪೊಟ್ಟಣವನ್ನೇ ಎಸೆಯುತ್ತೇನೆ. ಆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಣ ಉಳಿಸುವ ಕೆಲಸದಲ್ಲಿ ಆರೋಗ್ಯವನ್ನು ಪಣಕ್ಕಿಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಪ್ಯಾಕೆಟ್ ಸಾಮಾನಿನ ಮೇಲೆ 'ಬೆಸ್ಟ್ ಬಿಫೋರ್' ಎಂದಿದ್ದರೆ ಅದು ರುಚಿ, ಗುಣಮಟ್ಟಗಳ ಗಡುವು. ದಿನಾಂಕ ದಾಟಿದ ಶಾವಿಗೆ ಒಣಗಿದ್ದು ವಾಸನೆಯಿಲ್ಲದಿದ್ದರೆ ಬಳಸುತ್ತೇನೆ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಎಂದಿದ್ದರೆ ಆ ದಿನಾಂಕ ದಾಟಿದ ಮೇಲೆ ಒಲೆಯ ಹತ್ತಿರಕ್ಕೂ ತರುವುದಿಲ್ಲ.

ಹೀಗೆ ಎಲ್ಲವನ್ನೂ ಎದುರಿಗಿಟ್ಟುಕೊಂಡು ನೋಡಿದಾಗ ನನಗೆ ಪ್ರತಿವರ್ಷ ಕಾಣುವುದು ಒಂದೇ ಸಂಗತಿ. ಮನೆಯಲ್ಲಿ ಉಳಿದುಹೋಗುವುದು ಅಕ್ಕಿಯಲ್ಲ, ಎಣ್ಣೆಯಲ್ಲ, ತೊಗರಿಬೇಳೆಯಲ್ಲ. ಯಾವುದೋ ಒಂದೇ ಅಡುಗೆಗೆಂದು ತಂದ ಸಾಮಾನು ಮಾತ್ರ ಉಳಿಯುತ್ತದೆ. ಒಂದು ದಿನದ ಪಾಯಸಕ್ಕೆ ತಂದ ಗಸಗಸೆ, ಏಕಾದಶಿಗೆ ತಂದ ಸಬ್ಬಕ್ಕಿ, ಮಗಳು ಕೇಳಿದಳೆಂದು ತಂದ ರಾಜ್ಮಾ, ವೈದ್ಯರು ಹೇಳಿದರೆಂದು ತಂದ ಓಟ್ಸ್. ಆ ಒಂದು ಅಡುಗೆ ಆದ ಮೇಲೆ ಅವು ಕಪಾಟಿನ ಮೂಲೆ ಸೇರುತ್ತವೆ. ಆದ್ದರಿಂದ ಇಂಥ ಪ್ರತಿಯೊಂದು ಸಾಮಾನಿಗೂ ನಮ್ಮ ದಿನನಿತ್ಯದ ಅಡುಗೆಯಲ್ಲಿ ಎರಡನೆಯ ಕೆಲಸವೊಂದನ್ನು ಹುಡುಕಿಕೊಡುವುದೇ ಈ ಉಳಿತಾಯದ ಮುಖ್ಯ ಭಾಗ ಎಂದು ನಾನು ತಿಳಿದಿದ್ದೇನೆ. ಹೊಸ ಅಡುಗೆ ಕಲಿಯಬೇಕಾದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಹುಳಿ, ಪಲ್ಯ, ದೋಸೆ, ರೊಟ್ಟಿ, ಉಸಲಿ ಇವುಗಳಲ್ಲೇ ಎಲ್ಲಕ್ಕೂ ಜಾಗವಿದೆ.

ರಾಜ್ಮಾವನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಹುರುಳಿಕಾಯಿಯ ಜೊತೆ ತೆಂಗಿನಕಾಯಿ ಮಸಾಲೆ ರುಬ್ಬಿ ಹಾಕಿ ಹುಳಿ ಮಾಡಿದರೆ ಮುದ್ದೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ರಾಜ್ಮಾ ಅರೆಬೆಂದರೆ ಹೊಟ್ಟೆ ಕೆಡಿಸುತ್ತದೆ, ಹಾಗಾಗಿ ಬೇಯಿಸುವುದರಲ್ಲಿ ಅವಸರ ಸಲ್ಲದು. ಓಟ್ಸನ್ನು ಬೆಚ್ಚಗೆ ಹುರಿದು ಪುಡಿ ಮಾಡಿ ಅಕ್ಕಿ ರೊಟ್ಟಿಯ ಹಿಟ್ಟಿಗೆ ಕಾಲು ಭಾಗದಷ್ಟು ಬೆರೆಸುತ್ತೇನೆ, ತಟ್ಟುವಾಗ ರೊಟ್ಟಿ ಬಿರಿಯುವುದಿಲ್ಲ. ಸಬ್ಬಕ್ಕಿ, ಪುಡಿಯಾದ ಅವಲಕ್ಕಿ ಇವೆರಡೂ ಮಾರ್ಚ್ ತಿಂಗಳ ಬಿಸಿಲಿಗೆ ಸಂಡಿಗೆಯಾಗುತ್ತವೆ. ಬಾಗಿನದ ಬೇಳೆ ಪೊಟ್ಟಣಗಳು ಒಂದೊಂದು ಹಿಡಿ ಇರುವುದರಿಂದ ಬೇರೆ ಬೇರೆಯಾಗಿ ಯಾವ ಅಡುಗೆಗೂ ಸಾಲುವುದಿಲ್ಲ. ಅವನ್ನೆಲ್ಲ ಒಟ್ಟಿಗೆ ಸುರಿದು ಅಡೈ ಮಾಡುತ್ತೇನೆ: 2 ಲೋಟ ಅಕ್ಕಿಗೆ 1 ಲೋಟ ಮಿಶ್ರ ಬೇಳೆ, ಮೂರು ನಾಲ್ಕು ಗಂಟೆ ನೆನೆಸಿ, ಒಣಮೆಣಸಿನಕಾಯಿ, ಜೀರಿಗೆ, ಇಂಗು ಸೇರಿಸಿ ತರಿತರಿಯಾಗಿ ರುಬ್ಬಿದರೆ ಹಿಟ್ಟು ಹುದುಗಲು ಕಾಯಬೇಕಿಲ್ಲ, ಕೂಡಲೇ ಕಾವಲಿಗೆ ಹಾಕಬಹುದು.

ಎಳ್ಳುಬೆಲ್ಲದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೇ ಮೈಸೂರು ಕಡೆಯ ಬಹುತೇಕ ಮನೆಗಳಲ್ಲಿ ಅದು ಉಳಿಯುತ್ತದೆ ಮತ್ತು ಹೆಚ್ಚು ದಿನ ಇಟ್ಟರೆ ಅದರಲ್ಲಿರುವ ಕೊಬ್ಬರಿ ಮೊದಲು ಕಮಟುತ್ತದೆ. ಸಂಕ್ರಾಂತಿಯಾದ ಮೇಲೆ ಒಂದು ವಾರದೊಳಗೆ ನಾನು ಅದನ್ನು ಮೊರಕ್ಕೆ ಹಾಕಿ ಕುಸುರೆಳ್ಳನ್ನೂ ಬಣ್ಣದ ಜೀರಿಗೆ ಪೆಪ್ಪರಮಿಂಟನ್ನೂ ಆರಿಸಿ ತೆಗೆಯುತ್ತೇನೆ. ಉಳಿದ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಕೊಬ್ಬರಿ, ಅಚ್ಚುಬೆಲ್ಲದ ಚೂರುಗಳು ಶಿವರಾತ್ರಿಯ ತಂಬಿಟ್ಟಿಗೆ ಬೇಕಾಗುವ ಸಾಮಾನುಗಳೇ ಆಗಿವೆ. ಅವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಹಬ್ಬದ ದಿನ ಒಂದಷ್ಟು ಹುರಿಗಡಲೆಯನ್ನು ಹೊಸದಾಗಿ ಪುಡಿ ಮಾಡಿ, ಬೆಲ್ಲದ ಎಳೆಪಾಕ ತೆಗೆದು, ಅದಕ್ಕೆ ಈ ಮಿಶ್ರಣವನ್ನು ಸೇರಿಸಿ ಉಂಡೆ ಕಟ್ಟಿದರೆ ತಂಬಿಟ್ಟಿಗಾಗಿ ಅಂಗಡಿಯಿಂದ ತರಬೇಕಾದದ್ದು ಹೆಚ್ಚೆಂದರೆ ಕಾಲು ಕಿಲೋ ಹುರಿಗಡಲೆ. ಮಿಶ್ರಣದಲ್ಲೇ ಬೆಲ್ಲವಿರುವುದರಿಂದ ಪಾಕಕ್ಕೆ ಬೆಲ್ಲವನ್ನು ಕಡಿಮೆ ಹಾಕಬೇಕು ಎಂಬುದನ್ನು ನೆನಪಿಡಬೇಕು.

ಹಳೆಯ ಸಾಮಾನಿನ ಗುಣ ತಿಳಿದುಕೊಂಡರೆ ಅದನ್ನು ಎಲ್ಲಿ ಬಳಸಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಹಳೆಯ ಅಕ್ಕಿ ಹೆಚ್ಚು ನೀರು ಹೀರಿ ಉದುರುದುರಾಗಿ ಬೇಯುವುದರಿಂದ ಚಿತ್ರಾನ್ನ, ಪುಳಿಯೋಗರೆಗಳಿಗೆ ಹೊಸ ಅಕ್ಕಿಗಿಂತ ಅದೇ ಉತ್ತಮ. ಹಳೆಯ ಉದ್ದಿನಬೇಳೆ ರುಬ್ಬಿದಾಗ ಒದಗುವುದಿಲ್ಲ, ಇಡ್ಲಿ ಗಟ್ಟಿಯಾಗುತ್ತದೆ. ಅದನ್ನು ಕೆಂಪಗೆ ಹುರಿದು ಚಟ್ನಿಪುಡಿಗೆ ಹಾಕಿದರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವರ್ಷ ದಾಟಿದ ಕಾಳುಗಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುವುದುಂಟು. ಒಂದು ಹಿಡಿ ಕಾಳನ್ನು ಮೊದಲು ಬೇಯಿಸಿ ನೋಡುತ್ತೇನೆ. ಮೆತ್ತಗಾಗದಿದ್ದರೆ ಉಳಿದದ್ದನ್ನು ನೆನೆಸುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಹನ್ನೆರಡು ಗಂಟೆ ಬಿಟ್ಟು, ತೊಳೆದು ಬೇಯಿಸುತ್ತೇನೆ. ಹುಳಿಯನ್ನೂ ಟೊಮೆಟೊವನ್ನೂ ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಕಾಳು ಇನ್ನಷ್ಟು ಸೆಟೆದುಕೊಳ್ಳುತ್ತದೆ. ಕಪ್ಪಾದ ಹುಣಸೆಹಣ್ಣು ಸಾರಿನ ಬಣ್ಣ ಕೆಡಿಸಿದರೂ ಪುಳಿಯೋಗರೆ ಗೊಜ್ಜಿಗೆ ಹೇಳಿ ಮಾಡಿಸಿದಂತಿರುತ್ತದೆ. ಉಳಿದಿದ್ದ ಹಳೆಯ ಹುಣಸೆಯನ್ನೆಲ್ಲ ಒಮ್ಮೆಗೇ ಕಿವುಚಿ ಗೊಜ್ಜು ಕುದಿಸಿಟ್ಟರೆ ಹೊಸ ಹುಣಸೆಗೆ ಭರಣಿ ಖಾಲಿಯಾಗುತ್ತದೆ. ವಾಸನೆ ಕಳೆದುಕೊಂಡ ಹುಳಿಪುಡಿಯನ್ನು ಎಸೆಯಬೇಕಾಗಿಲ್ಲ; ಒಂದು ಚಮಚ ಧನಿಯ, ನಾಲ್ಕು ಕಾಳು ಮೆಂತ್ಯ, ಒಂದು ಬ್ಯಾಡಗಿ ಮೆಣಸಿನಕಾಯಿ ಹುರಿದು ತೆಂಗಿನಕಾಯಿಯ ಜೊತೆ ರುಬ್ಬಿ ಅದಕ್ಕೆ ಸೇರಿಸಿದರೆ ಘಮ ಮರಳುತ್ತದೆ.

ಫ್ರೀಜರಿನ ಲೆಕ್ಕ ಬೇರೆ. ಅಲ್ಲಿರುವುದು ಕಣ್ಣಿಗೆ ಬೀಳುವುದಿಲ್ಲ, ಮಂಜು ಕವಿದ ಮೇಲಂತೂ ಹಿತುಕಿದ ಬೇಳೆ ಯಾವುದು, ಬಟಾಣಿ ಯಾವುದು ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಒಳಗಿರುವುದನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿರುತ್ತೇನೆ, ತೆಗೆದಾಗಲೆಲ್ಲ ಹೊಡೆದುಹಾಕುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ತೆಂಗಿನತುರಿಯನ್ನೂ ಹಿತುಕಿದ ಬೇಳೆಯನ್ನೂ ಚೀಲಕ್ಕೆ ತುಂಬಿ ಚಪಾತಿಯಷ್ಟು ತೆಳ್ಳಗೆ ತಟ್ಟಿ ಇಡುವುದರಿಂದ ಬೇಕಾದಷ್ಟನ್ನು ಮುರಿದುಕೊಂಡು ಉಳಿದದ್ದನ್ನು ಗಟ್ಟಿಯಿರುವಾಗಲೇ ವಾಪಸು ಇಡಬಹುದು. ಫ್ರೀಜರಿನ ತಂಪು, ಮೈನಸ್ 18 ಡಿಗ್ರಿಯಲ್ಲಿದ್ದರೂ, ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಹೀಗಾಗಿ ಒಮ್ಮೆ ಕರಗಿದ್ದನ್ನು ಮತ್ತೆ ಒಳಗಿಡದೆ ಅಂದೇ ಬೇಯಿಸಿಬಿಡುತ್ತೇನೆ. ಬಟಾಣಿಯನ್ನು ಕರಗಿಸುವ ಅಗತ್ಯವೇ ಇಲ್ಲ, ಕುದಿಯುವ ಸಾಗುವಿಗೆ ನೇರವಾಗಿ ಹಾಕಬಹುದು. ತೆಂಗಿನತುರಿಯನ್ನು ತಣ್ಣಗಿರುವಾಗಲೇ ರುಬ್ಬಿದರೆ ಅದರ ಜಿಡ್ಡು ಬೆಣ್ಣೆಯಂತೆ ಬೇರ್ಪಡುತ್ತದೆ. ಬೆಚ್ಚಗಿನ ನೀರು ಹಾಕಿ ಐದು ನಿಮಿಷ ಬಿಟ್ಟು ರುಬ್ಬಿದರೆ ನುಣ್ಣಗೆ ಬರುತ್ತದೆ. ಬಹಳ ದಿನವಿದ್ದು ಒಣಗಿದ ತುರಿ ಕೋಸಂಬರಿಗೆ ಚೆನ್ನಾಗಿರುವುದಿಲ್ಲ, ಮಸಾಲೆಗೆ ಸಾಕು. ಅದನ್ನೇ ಗಸಗಸೆ, ಅಕ್ಕಿಯೊಂದಿಗೆ ಹುರಿದು ರುಬ್ಬಿ ಪಾಯಸ ಮಾಡಿದರೆ ಮೂಲೆ ಸೇರಿದ ಗಸಗಸೆಯೂ ಮುಗಿಯುತ್ತದೆ. ಫ್ರೀಜರಿನಲ್ಲಿ ಜಾಗವಾಗುತ್ತಿದ್ದಂತೆ ಚಿರೋಟಿ ರವೆ, ಕಡಲೆಹಿಟ್ಟು ಮುಂತಾದ ಬೇಗ ಹುಳು ಬೀಳುವ ಸಾಮಾನನ್ನು ನಾಲ್ಕು ದಿನ ಅಲ್ಲಿಟ್ಟು ತೆಗೆಯುತ್ತೇನೆ, ಹುಳುವಿನ ಮೊಟ್ಟೆಗಳು ಆ ತಂಪಿಗೆ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆದರೆ ನೀರು ಕಟ್ಟಿಕೊಳ್ಳುವುದರಿಂದ, ಡಬ್ಬಿ ಮನೆಯ ಬಿಸಿಗೆ ಬರುವವರೆಗೆ ಕಾಯಬೇಕು.

ಇನ್ನು ಖರೀದಿ. ಈ ತಿಂಗಳುಗಳಲ್ಲಿ ಚೀಟಿ ಬರೆಯುವ ಕ್ರಮವನ್ನೇ ತಿರುಗಿಸಿಕೊಂಡಿದ್ದೇನೆ. ಮೊದಲು ಮುಗಿಯಬೇಕಾದ ಸಾಮಾನು ಯಾವುದು ಎಂದು ನೋಡಿ, ಅದರಿಂದ ಏನು ಅಡುಗೆಯಾಗುತ್ತದೆ ಎಂದು ಗೊತ್ತುಮಾಡಿಕೊಂಡು, ಆ ಅಡುಗೆಗೆ ಕಡಿಮೆ ಬೀಳುವುದನ್ನು ಮಾತ್ರ ಚೀಟಿಯಲ್ಲಿ ಬರೆಯುತ್ತೇನೆ. ಹುರುಳಿಕಾಳಿದ್ದರೆ ಬಸ್ಸಾರಿಗೆ ಒಂದು ಕಟ್ಟು ದಂಟಿನ ಸೊಪ್ಪು. ಹಿತುಕಿದ ಬೇಳೆಯಿದ್ದರೆ ಎರಡು ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ. ಹೀಗೆ ಬರೆದ ಚೀಟಿಯಲ್ಲಿ ಹಾಲು, ಮೊಸರು, ಸೊಪ್ಪು, ತರಕಾರಿ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಸಾಧಾರಣ ತಿಂಗಳಲ್ಲಿ ನಮ್ಮ ದಿನಸಿ ಅಂಗಡಿಯ ಲೆಕ್ಕ ಸುಮಾರು 6,000 ರೂಪಾಯಿಯಾದರೆ ಈ ಕಾಲದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಒಂದು ಎಚ್ಚರ ಬೇಕು. ಮನೆಯಲ್ಲಿರುವ 50 ರೂಪಾಯಿಯ ಸಾಮಾನನ್ನು ಮುಗಿಸುವುದಕ್ಕಾಗಿ 200 ರೂಪಾಯಿಯ ಪನೀರು, ಕ್ರೀಮು ತರುವುದಾದರೆ ಅದು ಉಳಿತಾಯವಲ್ಲ, ಆ ಅಡುಗೆಯನ್ನೇ ಕೈಬಿಡಬೇಕು. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತಂದುಕೊಡುವ ಆ್ಯಪ್‌ಗಳನ್ನು ಈ ಅವಧಿಯಲ್ಲಿ ನಾನು ಬಳಸುವುದಿಲ್ಲ, ಏಕೆಂದರೆ ಕೊತ್ತಂಬರಿ ಸೊಪ್ಪಿಗೆಂದು ತೆರೆದರೆ ಸಾಗಣೆಯ ಶುಲ್ಕ ತಪ್ಪಿಸಿಕೊಳ್ಳಲು ಇನ್ನೂ ನಾಲ್ಕು ಸಾಮಾನು ಸೇರಿಸುವಂತಾಗುತ್ತದೆ. ಒಂದೇ ಅಡುಗೆಗೆ ಬೇಕಾದ ಸಾಮಾನನ್ನು ಬಿಡಿಯಾಗಿ ತೂಗಿಕೊಡುವ ಬೀದಿಯ ಅಂಗಡಿಯಲ್ಲಿ 50 ಗ್ರಾಂ, 100 ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತೇನೆ. ಕಿಲೋ ಲೆಕ್ಕದಲ್ಲಿ ದರ ಎಷ್ಟೇ ಕಡಿಮೆಯಿರಲಿ, ಮುಕ್ಕಾಲು ಕಿಲೋ ಎಸೆಯುವುದಾದರೆ ಅದು ದುಬಾರಿಯೇ.

ಅತ್ತೆಯವರಿಗೆ ಮೊದಲಲ್ಲಿ ಈ ಕ್ರಮ ಹಿಡಿಸಿರಲಿಲ್ಲ. "ಡಬ್ಬಿ ತಳ ಕಾಣೋ ಹಾಗೆ ಬಿಡಬಾರದಮ್ಮ, ಮನೆಗೆ ಒಳ್ಳೆಯದಲ್ಲ" ಎನ್ನುತ್ತಿದ್ದರು. ಅವರ ಮಾತಿಗೆ ಬೆಲೆ ಕೊಟ್ಟು ಅಕ್ಕಿ, ತೊಗರಿಬೇಳೆ, ಉಪ್ಪು, ಅರಿಸಿನಗಳನ್ನು ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ಒಂದು ಹಿಡಿ ಉಳಿದಿರುವಾಗಲೇ ಹೊಸದನ್ನು ತರುತ್ತೇನೆ, ಆದರೆ ಹೊಸದನ್ನು ಹಳೆಯದರ ಮೇಲೆ ಸುರಿಯದೆ, ಆ ಹಿಡಿಯನ್ನು ಪಾತ್ರೆಗೆ ತೆಗೆದು, ಡಬ್ಬಿ ತೊಳೆದು ಬಿಸಿಲಲ್ಲಿ ಒಣಗಿಸಿ, ಹೊಸದನ್ನು ತಳಕ್ಕೂ ಹಳೆಯದನ್ನು ಮೇಲಕ್ಕೂ ಹಾಕುತ್ತೇನೆ. ಅವರಿಗೆ ಈಗ ಇದರಲ್ಲಿ ನನಗಿಂತ ಹೆಚ್ಚು ಆಸಕ್ತಿ. ಮಾರ್ಚ್ ತಿಂಗಳಲ್ಲಿ ಮಹಡಿಯ ಮೇಲೆ ಸಂಡಿಗೆ ಇಡುವ ಮುನ್ನ ಕಪಾಟಿನಲ್ಲಿ ಏನೇನು ಉಳಿದಿದೆ ಎಂದು ಅವರೇ ನೋಡಿ ಹೇಳುತ್ತಾರೆ.

ಯುಗಾದಿಗೆ ಒಂದು ವಾರವಿರುವಾಗ ಫ್ರೀಜರಿನ ಮಂಜು ಕರಗಿಸಿ ಒರೆಸುತ್ತೇನೆ. ವರ್ಷದ ಸಾಮಾನಿನ ಚೀಟಿ ಬರೆಯುವುದೂ ಆಗಲೇ. ಹಿಂದಿನ ವರ್ಷ ಯಾವುದು ಎಷ್ಟು ಉಳಿದಿತ್ತು ಎಂಬುದು ಈ ಎರಡು ತಿಂಗಳ ಅಡುಗೆಯಿಂದ ಗೊತ್ತಾಗಿರುವುದರಿಂದ ಅಂದಾಜು ತಪ್ಪುವುದಿಲ್ಲ. ಮೊದಲು 3 ಕಿಲೋ ತರುತ್ತಿದ್ದ ಹುಣಸೆಹಣ್ಣನ್ನು ಈಗ 2 ಕಿಲೋ ತರುತ್ತೇನೆ. ಹುರುಳಿಕಾಳು 2 ಕಿಲೋ ಇದ್ದದ್ದು 1 ಕಿಲೋ ಆಗಿದೆ. ಸಬ್ಬಕ್ಕಿ, ಗಸಗಸೆ, ರಾಜ್ಮಾ ಈ ಮೂರನ್ನೂ ವರ್ಷದ ಚೀಟಿಯಿಂದಲೇ ತೆಗೆದುಹಾಕಿ, ಬೇಕಾದ ದಿನ ಬೇಕಾದಷ್ಟೇ ಬೀದಿಯ ಅಂಗಡಿಯಿಂದ ತರಿಸುತ್ತಿದ್ದೇನೆ.