ತೋಳ ಫಾಸ್ಟ್ ಲೋಕಲ್ ಹತ್ತಿದಾಗ

ಭಾನುವಾರ ಮಧ್ಯಾಹ್ನ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಐದಾರು ಮಕ್ಕಳು ಸೇರುತ್ತವೆ. ಎಲ್ಲಾ ನಾಲ್ಕರಿಂದ ಆರು ವರ್ಷದವು. ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಮರಾಠಿ. ನಾಲ್ಕು ಕನ್ನಡ ಮಾತು ಕಿವಿಗೆ ಬೀಳಲಿ ಅಂತ ಕಥೆ ಹೇಳಲು ಶುರು ಮಾಡಿದೆ. ಮೊದಲ ದಿನ ಕೆಂಪು ಟೋಪಿ ಹುಡುಗಿ. "ಕಾಡಿನಲ್ಲಿ ಒಂದು ತೋಳ ಬಂತು" ಅಂದೆ. ಮೊಮ್ಮಗ ತನ್ನ ತೋಳು ಎತ್ತಿ ತಿರುಗಿಸಿ ನೋಡಿಕೊಂಡ. "ಒಂದೇ ತೋಳು ಹೇಗೆ ಬಂತು ಅಜ್ಜಿ?" ಪಕ್ಕದ ಮನೆ ಹುಡುಗಿ "ಅರೇ, ಲಾಂಡಗಾ!" ಅಂತ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಅವತ್ತಿನಿಂದ ನಮ್ಮಲ್ಲಿ ತೋಳ ಬಂದಾಗಲೆಲ್ಲ ಎಲ್ಲರೂ ತೋಳು ಎತ್ತಲೇಬೇಕು.

ಅದೇ ಹುಮ್ಮಸ್ಸಿನಲ್ಲಿ ನಾನು ಎಡವಿದೆ. ಮುಂದಿನ ವಾರ ಟೋಪಿ ನೀಲಿ, ತೋಳದ ಬದಲು ಮೊಸಳೆ, ಅಜ್ಜಿ ಡಾಕ್ಟರು! ಒಬ್ಬರೂ ನಗಲಿಲ್ಲ. ಒಬ್ಬ ಎದ್ದು ಫ್ರಿಜ್ ತೆಗೆದು ನೋಡುತ್ತಾ ನಿಂತ. ಅಸಲಿ ಕಥೆಯೇ ಬಾಯಿಗೆ ಬರದವರಿಗೆ ತಲೆಕೆಳಗಾದದ್ದು ಹೇಗೆ ಗೊತ್ತಾಗಬೇಕು, ಅಲ್ವಾ? ಈಗ ಎರಡು ಭಾನುವಾರ ನೆಟ್ಟಗೆ ಹೇಳುತ್ತೇನೆ. ಮೂರನೆಯದಕ್ಕೆ ಒಂದೇ ಒಂದು ಎಳೆ ಬದಲಿಸುತ್ತೇನೆ. "ನಿನ್ನ ಕಿವಿ ಯಾಕೆ ಇಷ್ಟು ದೊಡ್ಡದು?" ಅನ್ನೋ ಸಾಲನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನು ಅವರೇ ಕೂಗಬೇಕು.

ಆ ಒಂದು ಎಳೆ ಸಿಕ್ಕಿದ್ದು ರೈಲಿನಲ್ಲಿ. ಹುಡುಗಿ ಚಕ್ಕುಲಿ ಡಬ್ಬಿ ಹಿಡಿದು ಮುಂಬೈಯ ಮಾಟುಂಗಾದ ಅಜ್ಜಿ ಮನೆಗೆ ಎಲ್ಲಾ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್‌ನಲ್ಲಿ ಹೊರಟಳು. ತೋಳಕ್ಕೆ ಅವಸರ, ಫಾಸ್ಟ್ ಹತ್ತಿತು. ಸಿಕ್ಕಿದ್ದು ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟು, ಅರ್ಧ ಕುಂಡೆ ಒಳಗೆ, ಬಾಲ ಹೊರಗೆ. "ಜರಾ ಸರಕಾ ನಾ", ಸ್ವಲ್ಪ ಸರೀರಿ ಅಂತ ಎಲ್ಲರನ್ನೂ ಬೇಡಿಕೊಳ್ಳುತ್ತಿತ್ತು. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ಸೀದಾ ಮುಂದಿನ ದಾದರ್‌ಗೆ ಹೋಗುತ್ತದೆ. ಇದು ನಮ್ಮ ಡೊಂಬಿವಲಿ ಮಕ್ಕಳಿಗೆಲ್ಲ ಗೊತ್ತು. ತೋಳಕ್ಕೆ ಮಾತ್ರ ಗೊತ್ತಿಲ್ಲ. ನಾನು ಬಾಯಿ ಬಿಡುವ ಮೊದಲೇ "ದಾದರ್‌ಗೆ ಹೋಯ್ತು! ದಾದರ್‌ಗೆ ಹೋಯ್ತು!" ಅಂತ ಸೋಫಾ ಮೇಲೆ ಕುಣಿದಾಟ.

ಹೀಗೆ ತಿರುಚುವುದು ತಪ್ಪಾ ಅಂತ ಒಬ್ಬ ತಾಯಿ ಕೇಳಿದರು. ಈ ಕಥೆಗಳು ಎಂದೂ ಒಂದೇ ಥರ ಇದ್ದಿಲ್ಲ. ಕೆಂಪು ಟೋಪಿ ಕಥೆಯನ್ನು ಫ್ರಾನ್ಸಿನ ಲೇಖಕ ಪೆರೋ 1697ರಲ್ಲಿ ಅಚ್ಚು ಹಾಕಿಸಿದಾಗ ತೋಳ ಹುಡುಗಿಯನ್ನು ತಿಂದಲ್ಲಿಗೆ ಕಥೆ ಖತಂ. ಬೇಟೆಗಾರ ಬಂದು ಹೊಟ್ಟೆ ಸೀಳಿ ಬಿಡಿಸುವುದು 1812ರ ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರ ಪುಸ್ತಕದಲ್ಲಿ. ಮೂರು ಕರಡಿಗಳ ಕಥೆಯಲ್ಲಿ ಅವುಗಳ ಮನೆಗೆ ನುಗ್ಗಿದ್ದೂ ಮೊದಲಿಗೆ ಚಿನ್ನದ ಕೂದಲಿನ ಹುಡುಗಿಯಲ್ಲ. ಇಂಗ್ಲೆಂಡಿನ ಕವಿ ರಾಬರ್ಟ್ ಸೌದಿ 1837ರಲ್ಲಿ ಬರೆದಾಗ ಅವಳೊಬ್ಬಳು ಮುದುಕಿ. ಇದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ! ಸೀದಾ ನಾನೇ ನುಗ್ಗಿದೆ. ಕರಡಿಗಳ ಗಂಜಿ ರುಚಿ ನೋಡಿ, "ಉಪ್ಪೇ ಇಲ್ಲ" ಅಂತ ಗೊಣಗಿ, ಸಿಂಕಿನ ಪಾತ್ರೆ ತೊಳೆದು, ಮರಿ ಕರಡಿಯ ಹಾಸಿಗೆಯಲ್ಲಿ ಗೊರಕೆ. ಗೊರಕೆ ಹೊಡೆಯಲು ಈಗ ಮಕ್ಕಳಲ್ಲಿ ಪಾಳಿ ಹಚ್ಚಿದ್ದೇನೆ.

ಹೋದ ಭಾನುವಾರ ಮತ್ತೆ ತೋಳದ ಕಥೆ ಬೇಕೆಂದರು. "ತೋಳ ಪ್ಲಾಟ್‌ಫಾರ್ಮಿಗೆ ಬಂತು" ಅಂದೆ. ತೋಳುಗಳೆಲ್ಲ ಮೇಲೆದ್ದವು. ಮೊಮ್ಮಗನದು ಏಳಲಿಲ್ಲ. "ಅಜ್ಜಿ, ಇವತ್ತು ಮೆಗಾಬ್ಲಾಕ್, ಹಳಿ ರಿಪೇರಿ. ಗಾಡಿ ಲೇಟು. ಚಕ್ಕುಲಿ ಈಗಲೇ ಕೊಡು."