ಬಾರ್ಬಡೋಸ್: ಬಾಡಿಗೆ ಕಾರಿಲ್ಲದೆ ಹಳೆಯ ತಾಣಗಳನ್ನು ನೋಡಿದ ಬಗೆ

ಬಾರ್ಬಡೋಸಿನಲ್ಲಿ ಬೀಚು, ಕ್ರಿಕೆಟ್ಟು ಬಿಟ್ಟು ಹಳೆಯ ಬಂಗಲೆ, ಗಿರಣಿ, ಗೋರಿಗಳನ್ನು ನೋಡಬೇಕೆಂದರೆ ಬಾಡಿಗೆ ಕಾರು ಬೇಕೇ ಬೇಕು ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಹೋಟೆಲಿನವರ ಮಾತೂ ಅದೇ. ನಾನು ಊರಿನ ಬಸ್ಸಿನಲ್ಲೇ ಮುಗಿಸಿದ್ದೇನೆ. ಉತ್ತರದ ಒಂದು ಮೂಲೆಗೆ ಮಾತ್ರ ಟ್ಯಾಕ್ಸಿ ಹಿಡಿದದ್ದು. ಆಗದ ಕೆಲಸ ಎಂದಿದ್ದವರೇ ಖರ್ಚಿನ ಲೆಕ್ಕ ನೋಡಿದ ಮೇಲೆ ಈ ದಾರಿ ಕೇಳಿಕೊಂಡು ಹೋದರು.

ಮೊದಲು ದುಡ್ಡಿನ ವಿಷಯ. ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್, ಏರಿಳಿಯದ ದರ. ಬಸ್ಸು ಎಷ್ಟು ದೂರ ಹೋದರೂ ಟಿಕೆಟ್ಟು 3.50 ಬಾರ್ಬಡೋಸ್ ಡಾಲರ್. ದಿನಕ್ಕೆ ಆರು ಸಲ ಹತ್ತಿ ಇಳಿದರೂ 21 ಡಾಲರ್, ಅಂದರೆ ಅಮೆರಿಕನ್ ಹತ್ತೂವರೆ. ಕಾರಿಗೆ ದಿನಕ್ಕೆ ಅಮೆರಿಕನ್ 70ರಿಂದ 100, ಅದರ ಮೇಲೆ ಪೆಟ್ರೋಲು, ಹೊರಗಿನವರು ಮಾಡಿಸಬೇಕಾದ ವಿಸಿಟರ್ ಪರ್ಮಿಟ್ಟು. ನಮ್ಮಂತೆ ಎಡಬದಿ ಸಂಚಾರ ಎಂದು ಧೈರ್ಯ ಮಾಡಿದರೂ ಒಳನಾಡಿನ ರಸ್ತೆ ಕಿರಿದು, ಕಬ್ಬು ಎತ್ತರಕ್ಕೆ ಬೆಳೆದಾಗ ತಿರುವಿನಾಚೆ ಏನೂ ಕಾಣುವುದಿಲ್ಲ.

ಬಸ್ಸುಗಳಲ್ಲಿ ಮೂರು ಬಗೆ. ನೀಲಿ ಬಣ್ಣಕ್ಕೆ ಹಳದಿ ಪಟ್ಟಿ ಇದ್ದರೆ ಸರ್ಕಾರಿ. ಹಳದಿಗೆ ನೀಲಿ ಪಟ್ಟಿ ಇದ್ದರೆ ಖಾಸಗಿ ಮಿನಿಬಸ್ಸು. ಬಿಳಿ ವ್ಯಾನಿಗೆ ಕಂದುಗೆಂಪು ಪಟ್ಟಿ ಇದ್ದರೆ ಝಡ್‌ಆರ್, ನಂಬರ್ ಪ್ಲೇಟಿನ ಅಕ್ಷರಗಳಿಂದಲೇ ಆ ಹೆಸರು. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಐದರ ನೋಟು ಕೊಟ್ಟರೆ ಒಂದೂವರೆ ಹೋದಂತೆ. ಹಾಗಾಗಿ ಏಳು ಮೂಲೆಯ ಒಂದು ಡಾಲರ್ ನಾಣ್ಯ ಮೂರು, 25 ಸೆಂಟಿನದು ಎರಡು, ಇಷ್ಟನ್ನು ಬೇರೆ ಬೇರೆ ಗಂಟು ಮಾಡಿ ಜೇಬಿನಲ್ಲಿಟ್ಟುಕೊಳ್ಳಬೇಕು. ನಾಣ್ಯ ಒಟ್ಟುಮಾಡಲು ಝಡ್‌ಆರ್ ಒಳ್ಳೆಯದು, ಚಿಲ್ಲರೆ ತಪ್ಪದೆ ಕೊಡುತ್ತಾರೆ. ಸ್ಟಾಪಿನ ಫಲಕದಲ್ಲಿ ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’ ಎಂದಷ್ಟೇ ಇರುತ್ತದೆ. ಕೈ ಅಡ್ಡ ಹಿಡಿಯದಿದ್ದರೆ ಬಸ್ಸು ನಿಲ್ಲದೆ ಹೋಗುತ್ತದೆ.

ಬಸ್ಸನ್ನು ನಂಬಿ ಸೋತವರೆಲ್ಲ ಸೋಲುವುದು ಒಂದೇ ಕಡೆ. ದ್ವೀಪ 34 ಕಿ.ಮೀ. ಉದ್ದ, 23 ಕಿ.ಮೀ. ಅಗಲ. ನಕ್ಷೆಯಲ್ಲಿ ಎರಡು ತಾಣ ಪಕ್ಕಪಕ್ಕ ಕಂಡವು ಎಂದು ಒಂದರಿಂದ ಇನ್ನೊಂದಕ್ಕೆ ಅಡ್ಡಹಾಯಲು ಹೊರಟರೆ ಅರ್ಧ ದಿನ ಸ್ಟಾಪಿನಲ್ಲೇ ಕಳೆಯುತ್ತದೆ. 1ರಿಂದ 7ರವರೆಗಿನ ಹೆದ್ದಾರಿಗಳೆಲ್ಲ ರಾಜಧಾನಿ ಬ್ರಿಜ್‌ಟೌನಿನಿಂದ ಹೊರಡುತ್ತವೆ, ಬಸ್ಸುಗಳೂ ಹೆಚ್ಚಾಗಿ ಹಾಗೆಯೇ. ತಾಣಗಳನ್ನು ನಕ್ಷೆಯ ದೂರ ನೋಡಿ ಗುಂಪು ಮಾಡದೆ ಬಸ್ ನಿಲ್ದಾಣದ ಪ್ರಕಾರ ಗುಂಪು ಮಾಡಬೇಕು. ದಕ್ಷಿಣ, ಪೂರ್ವಕ್ಕೆ ಫೇರ್‌ಚೈಲ್ಡ್ ಸ್ಟ್ರೀಟ್. ಪಶ್ಚಿಮ ಕರಾವಳಿ, ಉತ್ತರಕ್ಕೆ ಪ್ರಿನ್ಸೆಸ್ ಆಲಿಸ್. ಇನ್ನೊಂದು ದಿಕ್ಕಿಗೆ ಹೋಗಬೇಕೆಂದರೆ ಬ್ರಿಜ್‌ಟೌನಿಗೆ ವಾಪಸ್ ಬಂದು ಹೋಗುವುದೇ ಲೇಸು. ಸುತ್ತುದಾರಿ ಅನಿಸಿದರೂ ಹೊತ್ತು ಉಳಿಯುವುದು ಇದರಲ್ಲೇ.

ಬ್ರಿಜ್‌ಟೌನ್ ಮತ್ತು ಅದರ ಗ್ಯಾರಿಸನ್, ಅಂದರೆ ಬ್ರಿಟಿಷ್ ಸೈನ್ಯದ ಹಳೆಯ ನೆಲೆ, 2011ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ, ಎರಡನ್ನೂ ಕಾಲ್ನಡಿಗೆಯಲ್ಲೇ ಮುಗಿಸಬಹುದು. ನಿದೇ ಇಸ್ರೇಲ್ ಸಿನಗಾಗ್ ಮೊದಲು. 1654ರ ಮೂಲ, 1831ರ ಚಂಡಮಾರುತದಲ್ಲಿ ಹಾಳಾಗಿ 1833ರಲ್ಲಿ ಮತ್ತೆ ಎದ್ದದ್ದು. ಕಟ್ಟಡಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಅಂಗಳದ ಮಿಕ್ವೆಗೆ, ಅಂದರೆ ಯಹೂದಿಗಳ ಮಡಿಸ್ನಾನದ ಕೊಳಕ್ಕೆ. 2008ರಲ್ಲಿ ಅಗೆಯುವಾಗ ಸಿಕ್ಕಿತು. ಕಲ್ಲಿನ ಮೆಟ್ಟಿಲು ಕೆಳಗಿಳಿಯುತ್ತದೆ, ತಳದಲ್ಲಿ ಈಗಲೂ ಒರತೆಯ ನೀರು. ಶನಿವಾರ ಬಾಗಿಲು ಹಾಕಿರುತ್ತದೆ. ಹಳೆಯ ಗೈಡ್ ಪುಸ್ತಕ ಹಿಡಿದವರು ಪಾರ್ಲಿಮೆಂಟಿನ ಎದುರು ನೆಲ್ಸನ್ ಪ್ರತಿಮೆ ಹುಡುಕುತ್ತಾರೆ. 1813ರಲ್ಲಿ ನಿಲ್ಲಿಸಿದ್ದನ್ನು 2020ರ ನವೆಂಬರಿನಲ್ಲಿ ತೆಗೆದಿದ್ದಾರೆ, ಮರುವರ್ಷ ದೇಶ ಗಣರಾಜ್ಯವಾಯಿತು.

ಗ್ಯಾರಿಸನ್ನಿನಲ್ಲಿ ಜಾರ್ಜ್ ವಾಷಿಂಗ್ಟನ್ ಹೌಸ್ ಇದೆ. 1751ರಲ್ಲಿ 19ರ ಹುಡುಗ ಅಣ್ಣನ ಜತೆ ಬಂದು ಇಳಿದ ಮನೆ. ಇಲ್ಲೇ ಸಿಡುಬು ತಗುಲಿ ಬದುಕಿದ. ಮೇಲಿನ ಕೋಣೆಗಳನ್ನು ನೋಡಿ ಹೊರಟುಬಿಡಬೇಡಿ, ಕೆಳಗೆ ಸುರಂಗವಿದೆ. ಜೌಗು ನೆಲದ ನೀರು ಹೊರಹಾಕಲು ಹವಳಕಲ್ಲಿನಲ್ಲಿ ಸೈನ್ಯದವರು ಕೊರೆಸಿದ ಜಾಲ, ಪತ್ತೆಯಾದದ್ದು 2011ರಲ್ಲಿ. ತೆರೆದಿರುವುದು ಚಿಕ್ಕ ತುಂಡು, ಆದರೂ ಉಳಿ ಬಿದ್ದ ಗುರುತು ಬೆರಳಿಗೆ ಸಿಗುತ್ತದೆ. ಪಕ್ಕದ ಬಾರ್ಬಡೋಸ್ ಮ್ಯೂಸಿಯಂ ಹಿಂದೆ ಸೈನಿಕರ ಜೈಲಾಗಿತ್ತು. ಇಂಥ ಕಡೆಯೆಲ್ಲ ಪ್ರವೇಶ, ನೆನಪಿದ್ದಂತೆ, 20–30 ಬಾರ್ಬಡೋಸ್ ಡಾಲರ್ ಆಸುಪಾಸು. ವಾರದ ದಿನವೇ ಹೋಗಿ. ಭಾನುವಾರ ಹಲವು ತಾಣಗಳೂ ಮುಚ್ಚಿರುತ್ತವೆ, ಬಸ್ಸೂ ಕಮ್ಮಿ. ಚಳಿಗಾಲದಲ್ಲಿ ಕ್ರೂಸ್ ಹಡಗು ಬಂದ ದಿನ ಪೇಟೆ ಬಿಟ್ಟು ಪೂರ್ವಕ್ಕೆ ಹೊರಡುವುದು ಲೇಸು.

ಉತ್ತರದ ಮೂಲೆಯಲ್ಲಿ ಎಲ್ಲರೂ ದುಡ್ಡು ಕಳೆದುಕೊಳ್ಳುತ್ತಾರೆ. ಪಾರಂಪರಿಕ ಪ್ರವಾಸ ಎಂದು ಮಾರುವ ದಿನದ ಪ್ಯಾಕೇಜಿನಲ್ಲಿ ಅರ್ಧ ಹೊತ್ತು ಅಂಗಡಿಯಲ್ಲೇ ಹೋಗುತ್ತದೆ. ಬ್ರಿಜ್‌ಟೌನಿನಿಂದ ಟ್ಯಾಕ್ಸಿ ಮಾಡಿದರೆ ಮೀಟರಿಲ್ಲ, ಹೋಗಿಬರುವ ದಾರಿಗೇ ಗಂಟೆಗಟ್ಟಲೆ ದುಡ್ಡು ಕಟ್ಟಬೇಕು. ಪ್ರಿನ್ಸೆಸ್ ಆಲಿಸ್‌ನಿಂದ ಸ್ಪೈಟ್ಸ್‌ಟೌನಿಗೆ ಬಸ್ಸು ಹಿಡಿಯಿರಿ, ಟ್ಯಾಕ್ಸಿಯನ್ನು ಅಲ್ಲಿಂದ ಮಾಡಿ. ಗಂಟೆಗೆ ಅಮೆರಿಕನ್ 35–40 ಕೇಳುತ್ತಾರೆ, ಕಾಯುವ ಹೊತ್ತೂ ಸೇರಿ ಇಷ್ಟು ಎಂದು ಹತ್ತುವ ಮೊದಲೇ ಒಪ್ಪಿಸಿಕೊಳ್ಳಬೇಕು. ಮೂರು ಗಂಟೆಯಲ್ಲಿ ಸೇಂಟ್ ನಿಕೋಲಸ್ ಆಬಿ, ಚೆರ್ರಿ ಟ್ರೀ ಹಿಲ್ ಗುಡ್ಡ, ಮಾರ್ಗನ್ ಲೂಯಿಸ್ ಗಿರಣಿ ಮೂರೂ ಆಗುತ್ತವೆ.

ಸೇಂಟ್ ನಿಕೋಲಸ್ ಆಬಿ ಹೆಸರಿಗೆ ಮಠ, ವಾಸ್ತವದಲ್ಲಿ 1658ರ ಕಬ್ಬಿನ ತೋಟದ ಬಂಗಲೆ. ಇಂಗ್ಲೆಂಡಿನ ನಕ್ಷೆಯಂತೆ ಕಟ್ಟಿದ್ದರಿಂದ ಈ ಸೆಕೆಯ ನಾಡಿನಲ್ಲೂ ಮಲಗುವ ಕೋಣೆಗೆ ಬೆಂಕಿಗೂಡು ಇಟ್ಟಿದ್ದಾರೆ. ಕಬ್ಬಿನ ಕಟಾವಿನ ಕಾಲಕ್ಕೆ ಹೋದರೆ 1890ರ ಹಬೆಯಂತ್ರದ ಗಾಣ ಓಡುವುದು ಕಾಣಸಿಗುತ್ತದೆ. ಟಿಕೆಟ್ಟು ಉಳಿದೆಡೆಗಿಂತ ದುಬಾರಿ, ಕೊಡಬಹುದು. ಅಲ್ಲಿಯ ಪುಟ್ಟ ರೈಲಿಗೆ ಮತ್ತೆ ಬೇರೆ ದುಡ್ಡು, ಅದನ್ನು ಬಿಟ್ಟರೂ ನಷ್ಟವಿಲ್ಲ. ಮಾರ್ಗನ್ ಲೂಯಿಸ್ 1947ರವರೆಗೆ ಗಾಳಿಯ ಬಲದಿಂದ ಕಬ್ಬು ಅರೆದ ಗಿರಣಿ. ಮೇಲಿನ ಟೊಪ್ಪಿಯನ್ನು ಗಾಳಿಗೆ ಮುಖಮಾಡಿಸುವ ಉದ್ದನೆಯ ಮರದ ಬಾಲ ನೆಲದವರೆಗೆ ಇಳಿದಿರುತ್ತದೆ, ಅದನ್ನು ತಳ್ಳಿಯೇ ತಿರುಗಿಸುತ್ತಿದ್ದರು. ಒಳಗೆ ಬಿಡುತ್ತಾರೆಯೇ ಎಂದು ಗಿರಣಿ ನೋಡಿಕೊಳ್ಳುವ ಬಾರ್ಬಡೋಸ್ ನ್ಯಾಷನಲ್ ಟ್ರಸ್ಟಿಗೆ ಫೋನ್ ಮಾಡಿಯೇ ಹೊರಡಿ.

ಪೂರ್ವದ ದಿನಕ್ಕೆ ಫೇರ್‌ಚೈಲ್ಡ್ ಸ್ಟ್ರೀಟಿನಿಂದ ಸೇಂಟ್ ಜಾನ್ ಕಡೆಯ ಬಸ್ಸು. ಸೇಂಟ್ ಜಾನ್ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಫರ್ಡಿನಾಂಡೋ ಪೇಲಿಯೊಲೊಗಸ್‌ನ ಗೋರಿ ಇದೆ. ಗ್ರೀಸಿನ ಕೊನೆಯ ಕ್ರೈಸ್ತ ಚಕ್ರವರ್ತಿಗಳ ವಂಶದವನೆಂದು ಕಲ್ಲಿನಲ್ಲಿ ಕೆತ್ತಿದೆ. ಅಂಥವನು 17ನೇ ಶತಮಾನದಲ್ಲಿ ಇಲ್ಲಿಗೆ ಬಂದು ಚರ್ಚಿನ ಆಡಳಿತ ನೋಡಿಕೊಂಡು ಸತ್ತ. ಚರ್ಚಿನ ಒಳಗೆ ಹುಡುಕಿ ಹೊತ್ತು ಕಳೆಯಬೇಡಿ, ಸಮುದ್ರ ಕಾಣುವ ಬದಿಗೆ ನೇರ ಹೋಗಿ.

ಅಲ್ಲಿಂದ ಬಸ್ಸಿಗೆ ಕಾಯುವ ಬದಲು ಇಳಿಜಾರಿನಲ್ಲಿ ಬಾತ್ ಬೀಚಿಗಿಳಿದು ಹಳೆಯ ರೈಲುದಾರಿ ಹಿಡಿದೆ. 1881ರಿಂದ 1937ರವರೆಗೆ ಓಡಿದ ರೈಲು. ಹಳಿ ಇಲ್ಲ, ದಾರಿ ಇದೆ, ಕೆಲವೆಡೆ ಕಡಲು ಕೊರೆದಿದೆ. ಮಾರ್ಟಿನ್ಸ್ ಬೇ ದಾಟಿ ಬಾತ್‌ಶೀಬಾಕ್ಕೆ ಎರಡು-ಎರಡೂವರೆ ಗಂಟೆ, ಅಲ್ಲಿಂದ ಪೇಟೆಗೆ ಬಸ್ಸು. ನೆರಳಿಲ್ಲ, ತಲಾ ಎರಡು ಲೀಟರ್ ನೀರು ಬೇಕು. ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗೆ ಬಂದು ಕಡಲಿನ ಫೋಟೋ ಚೆನ್ನಾಗಿ ಬರುತ್ತದೆ. ಮಳೆ ಬಂದರೆ ಮ್ಯಾಂಚಿನೀಲ್ ಮರದ ಕೆಳಗೆ ನಿಲ್ಲಬೇಡಿ. ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಚರ್ಮ ಬೊಬ್ಬೆ ಏಳುತ್ತದೆ. ಬೀಚಿನಲ್ಲಿ ಹಲವು ಮರಗಳಿಗೆ ಕೆಂಪು ಗುರುತು ಹಾಕಿರುತ್ತಾರೆ.

ಮಿಲಿಟರಿ ಚಿತ್ತಾರದ ಬಟ್ಟೆ, ಟೊಪ್ಪಿ, ಚೀಲ ಯಾವುದನ್ನೂ ಒಯ್ಯಬೇಡಿ, ಸಾಮಾನ್ಯರು ತೊಡುವುದು ಅಲ್ಲಿ ಕಾನೂನುಬಾಹಿರ. ಕರೆಂಟು 115 ವೋಲ್ಟ್, ಪಿನ್ನು ಅಮೆರಿಕದ್ದು. ಸಸ್ಯಾಹಾರಿಗಳು ಅನ್ನ-ಕಾಳು ಎಂದು ಕಣ್ಣುಮುಚ್ಚಿ ತಿನ್ನಬಾರದು, ಬೇಯಿಸುವಾಗ ಉಪ್ಪು ಹಾಕಿದ ಹಂದಿಬಾಲ ಸೇರಿಸುವುದುಂಟು. ಆಲೂ-ಕಡಲೆಯ ರೋಟಿ ಕೇಳಿ ಪಡೆಯಿರಿ. ಕೂಕೂ ಸಿಕ್ಕರೆ ಮೀನಿಲ್ಲದೆ ಹಾಕಿಸಿಕೊಳ್ಳಿ. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಸೇರಿಸಿ ನಮ್ಮ ಮುದ್ದೆಯಂತೆಯೇ ಕೋಲಿನಲ್ಲಿ ತಿರುವಿದ್ದು, ದಿನವಿಡೀ ನಡೆಯುವವರಿಗೆ ಹೊಟ್ಟೆ ತುಂಬುತ್ತದೆ.

ಕೆನ್ಸಿಂಗ್ಟನ್ ಓವಲ್ಲಿಗೆ ಪ್ರಿನ್ಸೆಸ್ ಆಲಿಸ್‌ನಿಂದ ನಡೆದೇ ಹೋಗಬಹುದು. ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದ ಮೈದಾನ, ಕನ್ನಡಿಗರು ಬಿಡುವ ಹಾಗಿಲ್ಲ. ಬಿಡುವಿದ್ದರೆ ಕೇವ್ ಹಿಲ್‌ನ ವಿಶ್ವವಿದ್ಯಾಲಯದ ತ್ರೀ ಡಬ್ಲ್ಯೂಸ್ ಓವಲ್‌ಗೂ ಹೋಗಿ. ವೆಸ್ಟ್ ಇಂಡೀಸಿನ ಹಳೆಯ ಬ್ಯಾಟ್ಸ್‌ಮನ್‌ಗಳಾದ ವೊರೆಲ್, ವಾಲ್ಕಾಟ್, ವೀಕ್ಸ್ ಮೂವರ ಸಮಾಧಿಯೂ ಮೈದಾನದ ಪಕ್ಕದಲ್ಲೇ ಇದೆ. ಟಿಕೆಟ್ಟಿಲ್ಲ, ಬಸ್ಸಿನ ಮೂರೂವರೆ ಡಾಲರ್ ಅಷ್ಟೇ.