ತಾಲ್ಲೂಕಿಗೊಂದು ತಂಡ, ತಂಡಕ್ಕೆ ನಾಲ್ಕು ಬೋರ್ಡ್: ಒಲಿಂಪಿಯಾಡ್ ಮಾದರಿಯ ಚೆಸ್ ಪಂದ್ಯಾವಳಿ ನಡೆಸುವುದು ಹೇಗೆ?

2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ, ದೇಶದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತದ ಎರಡೂ ತಂಡಗಳು, ಮುಕ್ತ ವಿಭಾಗದ್ದೂ ಮಹಿಳೆಯರದ್ದೂ, ಚಿನ್ನ ಗೆದ್ದವು. ಮೊದಲ ಬೋರ್ಡ್‌ನ ಗುಕೇಶ್ ಹೆಸರು ಮನೆಮನೆಗೂ ಗೊತ್ತಾಯಿತು. ಆದರೆ ಆ ಚಿನ್ನದ ಲೆಕ್ಕವನ್ನು ಬಿಡಿಸಿ ನೋಡಬೇಕು. ಮೂರನೇ ಬೋರ್ಡ್‌ನಲ್ಲಿ ಕೂತ ಅರ್ಜುನ್ ಇರಿಗೇಶಿ 11 ಆಟಗಳಲ್ಲಿ 10 ಅಂಕ ತಂದರು. ಮಹಿಳೆಯರಲ್ಲಿ ಮೂರನೇ ಬೋರ್ಡ್‌ನ ದಿವ್ಯಾ ದೇಶಮುಖ್ 11ಕ್ಕೆ 9.5, ನಾಲ್ಕನೇ ಬೋರ್ಡ್‌ನ ವಂತಿಕಾ ಅಗರ್ವಾಲ್ 9ಕ್ಕೆ 7.5 ಗಳಿಸಿದರು. ತಂಡದ ಆಟದಲ್ಲಿ ಕೊನೆಯ ಬೋರ್ಡ್‌ನ ಅಂಕಕ್ಕೂ ಮೊದಲ ಬೋರ್ಡ್‌ನ ಅಂಕಕ್ಕೂ ತೂಕ ಒಂದೇ.

ನಮ್ಮ ಬಾಗಲಕೋಟೆ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಈ ರುಚಿ ಇನ್ನೂ ಸಿಕ್ಕಿಲ್ಲ. ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ ಹತ್ತಿ ಹೋಗುತ್ತಾರೆ, ಒಬ್ಬರೇ ಆಡುತ್ತಾರೆ, ಸೋತರೆ ಒಬ್ಬರೇ ಸೋತು ಬರುತ್ತಾರೆ. ಊರಿನ ಹೆಸರು ಹೊತ್ತು ನಾಲ್ವರು ಸಾಲಾಗಿ ಕೂತು ಆಡುವ ಪಂದ್ಯಾವಳಿಯನ್ನು ನಾವೇ ನಡೆಸಬಹುದು. ಒಂದು ಭಾನುವಾರ, ಹನ್ನೆರಡು ಬೋರ್ಡ್, ಮೂವತ್ತು ಆಟಗಾರರು ಇದ್ದರೆ ಸಾಕು. ನಿಯಮಗಳನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ದೇಶದೇಶಗಳ ತಂಡಗಳು ಸುಮಾರು ನೂರು ವರ್ಷ ಆಡಿ, ಜಗಳಾಡಿ, ತಿದ್ದಿಕೊಂಡು ಬಂದ ನಿಯಮಗಳು ಸಿದ್ಧವಾಗಿವೆ. ಅವು ಹಾಗೆ ಯಾಕಿವೆ ಎಂಬುದು ಸಂಘಟಕರಿಗೆ ಗೊತ್ತಿದ್ದರೆ, ಪಂದ್ಯದ ದಿನ ತಕರಾರು ಬಂದಾಗ ಉತ್ತರಕ್ಕೆ ತಡಕಾಡುವುದು ತಪ್ಪುತ್ತದೆ.

ಹಂತ 1: ತಂಡ ಕಟ್ಟುವುದು

ಜಿಲ್ಲೆಯ ಹಳೆಯ ಆರು ತಾಲ್ಲೂಕುಗಳನ್ನು ಹಿಡಿಯಿರಿ: ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ. ಒಂದೊಂದರಿಂದ ಐವರು. ನಾಲ್ವರು ಆಡುತ್ತಾರೆ, ಒಬ್ಬರು ಮೀಸಲು. ಇಂದಿನ ಒಲಿಂಪಿಯಾಡ್ ತಂಡವೂ ಇಷ್ಟೇ.

ನಾಲ್ಕು ಬೋರ್ಡ್‌ನ ಪದ್ಧತಿ ಮೊದಲ ಅಧಿಕೃತ ಒಲಿಂಪಿಯಾಡ್‌ನಿಂದಲೇ ಬಂದದ್ದು. 1924ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ, ಅಂದರೆ ಫಿಡೆ, ಹುಟ್ಟಿತು. 1927ರಲ್ಲಿ ಲಂಡನ್‌ನಲ್ಲಿ 16 ದೇಶಗಳು ಸೇರಿದವು, ಹಂಗೇರಿ ಗೆದ್ದಿತು. ಅದಕ್ಕೂ ನೂರು ವರ್ಷ ಹಿಂದೆ, 1824ರಿಂದ 1828ರವರೆಗೆ, ಎಡಿನ್‌ಬರೊ ಮತ್ತು ಲಂಡನ್‌ನ ಕ್ಲಬ್ಬುಗಳು ಅಂಚೆಯಲ್ಲಿ ನಡೆ ಕಳಿಸುತ್ತ ಆಡಿದ್ದವು. ಊರಿಗೂ ಊರಿಗೂ ಚೆಸ್ ಪೈಪೋಟಿ ದೇಶದೇಶಗಳ ಪೈಪೋಟಿಗಿಂತ ಹಳೆಯದು.

ಐದು ಹೆಸರುಗಳನ್ನು ಬೋರ್ಡ್ ಕ್ರಮದಲ್ಲಿ ಬರೆದು, ನಾಯಕರ ಸಹಿಯೊಂದಿಗೆ ಮೊದಲ ಸುತ್ತಿಗೆ ಮುಂಚೆ ಕೊಡಬೇಕು. ಆಮೇಲೆ ಕ್ರಮ ಬದಲಿಸುವಂತಿಲ್ಲ. ಎರಡನೇ ಬೋರ್ಡ್‌ನವರು ಒಂದು ಸುತ್ತು ವಿಶ್ರಾಂತಿ ತೆಗೆದುಕೊಂಡರೆ ಮೂರನೆಯವರು ಎರಡಕ್ಕೆ, ನಾಲ್ಕನೆಯವರು ಮೂರಕ್ಕೆ ಸರಿಯುತ್ತಾರೆ, ಮೀಸಲು ಆಟಗಾರ ನಾಲ್ಕನೇ ಬೋರ್ಡ್‌ನಲ್ಲಿ ಕೂರುತ್ತಾರೆ. ಮೀಸಲು ಆಟಗಾರನನ್ನು ಸೀದಾ ಎರಡನೇ ಬೋರ್ಡ್‌ಗೆ ಕೂರಿಸುವುದು ತಪ್ಪು. ಸ್ಥಳೀಯ ಪಂದ್ಯಗಳಲ್ಲಿ ಮೊದಲ ತಕರಾರು ಏಳುವುದು ಇಲ್ಲೇ, ಆದ್ದರಿಂದ ನಾಯಕರ ಸಭೆಯಲ್ಲಿ ಇದನ್ನು ಎರಡು ಸಲ ಓದಿ ಹೇಳಿ.

ಮೊದಲ ಬೋರ್ಡ್ ಯಾರಿಗೆ ಎಂಬ ಮುನಿಸು ದೊಡ್ಡವರಲ್ಲೂ ಇತ್ತು. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟ ಒಂದು ಕಡೆ, ಉಳಿದ ಜಗತ್ತು ಇನ್ನೊಂದು ಕಡೆ, ಹತ್ತು ಬೋರ್ಡ್‌ಗಳಲ್ಲಿ ನಾಲ್ಕು ಸುತ್ತು ಆಡಿದವು. ಡೆನ್ಮಾರ್ಕಿನ ಬೆಂಟ್ ಲಾರ್ಸನ್ ಮೊದಲ ಬೋರ್ಡ್ ತನಗೇ ಬೇಕೆಂದರು. ಹಟಕ್ಕೆ ಹೆಸರಾಗಿದ್ದ ಬಾಬಿ ಫಿಶರ್ ಅದನ್ನು ಬಿಟ್ಟುಕೊಟ್ಟು ಎರಡನೆಯದರಲ್ಲಿ ಕೂತರು. ಅಲ್ಲಿ ಮಾಜಿ ವಿಶ್ವ ಚಾಂಪಿಯನ್ ಪೆಟ್ರೋಸಿಯಾನ್‌ರನ್ನು 3–1ರಿಂದ ಸೋಲಿಸಿದರು. ಒಟ್ಟು ಫಲಿತಾಂಶ ಸೋವಿಯತ್ ಪರ 20.5–19.5, ಒಂದೇ ಒಂದು ಅಂಕದ ಅಂತರ. ಕೆಳಗಿನ ಬೋರ್ಡ್ ಸಿಕ್ಕಿತೆಂದು ಮುಖ ಸಪ್ಪೆ ಮಾಡಿಕೊಂಡ ಹುಡುಗನಿಗೆ ಈ ಕಥೆ ಹೇಳಿ.

ಐವರಲ್ಲಿ ಕನಿಷ್ಠ ಒಬ್ಬ ಹುಡುಗಿ ಇರಲಿ, ಅವಳು ಕನಿಷ್ಠ ಮೂರು ಸುತ್ತು ಆಡಲೇಬೇಕು ಎಂಬ ನಿಯಮವನ್ನು ನಾನಂತೂ ಬಿಡುವುದಿಲ್ಲ. ಬರಿ ಹೆಸರು ಬರೆಸಿ ಐದು ಸುತ್ತೂ ಬೆಂಚಿನ ಮೇಲೆ ಕೂರಿಸಿದರೆ ಏನು ಬಂತು? ಮಹಿಳೆಯರ ಒಲಿಂಪಿಯಾಡ್ ಶುರುವಾದದ್ದೇ ಮೂವತ್ತು ವರ್ಷ ತಡವಾಗಿ, 1957ರಲ್ಲಿ, ನೆದರ್ಲೆಂಡ್ಸ್‌ನ ಎಮ್ಮೆನ್ ಪಟ್ಟಣದಲ್ಲಿ. 1988ರಲ್ಲಿ ಥೆಸಲೊನಿಕಿಯಲ್ಲಿ ಹಂಗೇರಿಗೆ ಚಿನ್ನ ತಂದ ನಾಲ್ವರಲ್ಲಿ ಮೂವರು ಒಂದೇ ಮನೆಯ ಅಕ್ಕತಂಗಿಯರು: ಪೋಲ್ಗಾರ್ ಸಹೋದರಿಯರು. ಕಿರಿಯವಳಾದ ಯೂಡಿತ್‌ಗೆ ಆಗ ಬರಿ 12 ವರ್ಷ, 13 ಆಟಗಳಲ್ಲಿ 12.5 ಅಂಕ.

ಹಂತ 2: ಜಾಗ, ಬೋರ್ಡ್, ಗಡಿಯಾರ

ಶಾಲೆಯ ದೊಡ್ಡ ಕೊಠಡಿ ಅಥವಾ ಸಮುದಾಯ ಭವನ ಸಾಕು. ದಸರಾ ರಜೆ ಒಳ್ಳೆಯ ಸಮಯ. ಏಪ್ರಿಲ್‌ನ ಬಿಸಿಲಲ್ಲಿ ಕರೆಂಟ್ ಹೋದರೆ ಫ್ಯಾನಿಲ್ಲದೆ ಮಕ್ಕಳಿಗೆ ಕೂರಲು ಆಗುವುದಿಲ್ಲ. ಏಕಕಾಲಕ್ಕೆ ಮೂರು ಪಂದ್ಯ, ಪಂದ್ಯಕ್ಕೆ ನಾಲ್ಕು ಬೋರ್ಡ್, ಒಟ್ಟು ಹನ್ನೆರಡು ಬೋರ್ಡ್, ಹನ್ನೆರಡು ಗಡಿಯಾರ. ಗಡಿಯಾರ ದುಬಾರಿ, ಹಾಗಾಗಿ ತಂಡಕ್ಕೆ ಎರಡರಂತೆ ತರಲು ಹೇಳಿ.

ಪ್ರತಿ ಆಟಗಾರನಿಗೆ 15 ನಿಮಿಷ, ಜೊತೆಗೆ ನಡೆಗೆ 10 ಸೆಕೆಂಡ್ ಇಡಿ. ಅರವತ್ತು ನಡೆಯ ಆಟವೂ ಐವತ್ತು ನಿಮಿಷದೊಳಗೆ ಮುಗಿಯುತ್ತದೆ. ಬೆಳಿಗ್ಗೆ 9.30, 10.30, 11.30ಕ್ಕೆ ಮೂರು ಸುತ್ತು, ಒಂದು ತಾಸು ಊಟ, 1.30 ಮತ್ತು 2.30ಕ್ಕೆ ಉಳಿದೆರಡು. ನಾಲ್ಕರೊಳಗೆ ಬಹುಮಾನ ಕೊಟ್ಟರೆ ಜಮಖಂಡಿ ಕಡೆಯವರು ಬೆಳಕಿರುವಾಗಲೇ ಬಸ್ ಹಿಡಿಯಬಹುದು. ರೊಟ್ಟಿ, ಝುಣಕ, ಮೊಸರು ಕೊಡಿ. ಸಿಹಿ ಹೆಚ್ಚು ಬಡಿಸಿದರೆ ನಾಲ್ಕನೇ ಸುತ್ತಿನಲ್ಲಿ ತೂಕಡಿಸುತ್ತಾರೆ.

ಹಂತ 3: ಯಾರಿಗೆ ಯಾರು

ಚೀಟಿ ಎತ್ತಿ ತಂಡಗಳಿಗೆ 1ರಿಂದ 6ರವರೆಗೆ ಸಂಖ್ಯೆ ಕೊಡಿ. ಎಲ್ಲರೂ ಎಲ್ಲರೊಂದಿಗೆ ಆಡುವ ಬರ್ಜರ್ ಪಟ್ಟಿ ಹೀಗಿದೆ:

ಸುತ್ತು 1: 1–6, 2–5, 3–4
ಸುತ್ತು 2: 6–4, 5–3, 1–2
ಸುತ್ತು 3: 2–6, 3–1, 4–5
ಸುತ್ತು 4: 6–5, 1–4, 2–3
ಸುತ್ತು 5: 3–6, 4–2, 5–1

ಮೊದಲು ಬರೆದ ತಂಡಕ್ಕೆ 1 ಮತ್ತು 3ನೇ ಬೋರ್ಡ್‌ನಲ್ಲಿ ಬಿಳಿ ಕಾಯಿ, 2 ಮತ್ತು 4ರಲ್ಲಿ ಕಪ್ಪು. ಎದುರಾಳಿಗಳಿಗೂ ಎರಡು ಬಿಳಿ, ಎರಡು ಕಪ್ಪು ಸಿಗುವುದರಿಂದ ಬಣ್ಣದ ಬಗ್ಗೆ ಯಾರೂ ದೂರುವಂತಿಲ್ಲ. ಈ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಬಾಗಿಲ ಪಕ್ಕ ಅಂಟಿಸಿ.

ಐದೇ ತಂಡ ಬಂದರೆ 6ನೇ ಸಂಖ್ಯೆಯನ್ನು ಖಾಲಿ ಬಿಡಿ, ಆ ಸುತ್ತಿನಲ್ಲಿ ಅದರೆದುರು ಬಂದ ತಂಡಕ್ಕೆ ವಿಶ್ರಾಂತಿ. ಇನ್ನೂ ಒಳ್ಳೆಯದೆಂದರೆ ಆತಿಥೇಯ ಊರಿನಿಂದ ಎರಡನೇ ತಂಡ ಇಳಿಸುವುದು. 2022ರಲ್ಲಿ ಚೆನ್ನೈ ಬಳಿಯ ಮಾಮಲ್ಲಪುರದಲ್ಲಿ ಮುಕ್ತ ವಿಭಾಗಕ್ಕೆ ಆತಿಥೇಯ ಭಾರತದಿಂದ ಮೂರು ತಂಡ ಇಳಿದದ್ದಕ್ಕೂ ತಂಡಗಳ ಸಂಖ್ಯೆಯನ್ನು ಸಮ ಮಾಡುವ ಇಂಥದೇ ನಿಯಮ ಕಾರಣ. ಆ ಯುವ ಎರಡನೇ ತಂಡವೇ ಕಂಚು ಗೆದ್ದಿತು.

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯೂ ಸೇರಿ ತಂಡಗಳು ಹತ್ತು ದಾಟಿದರೆ ಸ್ವಿಸ್ ಪದ್ಧತಿಗೆ ಹೋಗಿ. ಸಮಾನ ಅಂಕದವರನ್ನು ಸುತ್ತುಸುತ್ತಿಗೂ ಎದುರುಬದುರು ಮಾಡುವ ಕ್ರಮ ಅದು. ಒಲಿಂಪಿಯಾಡ್ ಕೂಡ ಮೊದಲು ಗುಂಪು, ಆಮೇಲೆ ಫೈನಲ್ ಎಂದು ನಡೆಯುತ್ತಿತ್ತು. 1976ರಲ್ಲಿ ಹೈಫಾದಲ್ಲಿ ಸ್ವಿಸ್‌ಗೆ ಬದಲಾಯಿತು.

ಹಂತ 4: ಅಂಕ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಏಕೆಂದರೆ ಪಂದ್ಯಾವಳಿಯ ಸ್ವಭಾವವೇ ಈ ತೀರ್ಮಾನದ ಮೇಲೆ ನಿಂತಿದೆ.

ಬೋರ್ಡ್ ಗೆದ್ದರೆ 1, ಡ್ರಾ ಆದರೆ ಅರ್ಧ. ನಾಲ್ಕು ಬೋರ್ಡ್ ಕೂಡಿಸಿದರೆ ಪಂದ್ಯದ ಫಲಿತಾಂಶ: 2.5–1.5, 3–1 ಹೀಗೆ. ಪ್ರಶಸ್ತಿ ಯಾವುದರ ಮೇಲೆ? ಹಳೆಯ ಒಲಿಂಪಿಯಾಡ್‌ಗಳಲ್ಲಿ ಎಲ್ಲ ಬೋರ್ಡ್ ಅಂಕಗಳನ್ನು ಕೂಡಿಸುತ್ತಿದ್ದರು. 2008ರ ಡ್ರೆಸ್ಡೆನ್‌ನಿಂದ ಪಂದ್ಯ ಗೆದ್ದರೆ 2, ಸಮವಾದರೆ 1, ಸೋತರೆ 0 ಎಂಬ ಪಂದ್ಯಾಂಕದ ಲೆಕ್ಕ ಮುಂದೆ ಬಂತು.

ವ್ಯತ್ಯಾಸ ತಿಳಿಯಲು ಒಂದು ಲೆಕ್ಕ ಹಾಕಿ ನೋಡಿ. ಮುಧೋಳ ಐದೂ ಪಂದ್ಯಗಳನ್ನು 2.5–1.5ರಿಂದ ಗೆದ್ದಿತು ಎಂದುಕೊಳ್ಳಿ. ಬೋರ್ಡ್ ಅಂಕ 12.5. ಜಮಖಂಡಿ ಎರಡು ದುರ್ಬಲ ತಂಡಗಳನ್ನು 4–0ರಿಂದ ಬಡಿಯಿತು, ಉಳಿದ ಮೂರನ್ನೂ 1.5–2.5ರಿಂದ ಸೋತಿತು. ಅದರ ಬೋರ್ಡ್ ಅಂಕವೂ 8 ಮತ್ತು 4.5 ಸೇರಿ 12.5! ಹಳೆಯ ಲೆಕ್ಕದಲ್ಲಿ ಎರಡೂ ಸಮ. ಪಂದ್ಯಾಂಕದಲ್ಲಿ ಮುಧೋಳಕ್ಕೆ 10, ಜಮಖಂಡಿಗೆ 4. ಮೂರು ಪಂದ್ಯ ಸೋತ ತಂಡವನ್ನು ಒಂದೂ ಸೋಲದ ತಂಡದ ಪಕ್ಕ ನಿಲ್ಲಿಸುವುದು ನ್ಯಾಯವೇ? ಹಳೆಯ ಪದ್ಧತಿಯಲ್ಲಿ ಸೋತುಹೋದ ಪಂದ್ಯದ ಕೊನೆಯ ಬೋರ್ಡ್‌ಗೂ ಬೆಲೆಯಿತ್ತು, ಅದು ಅದರ ಒಳ್ಳೆಯ ಗುಣ. ಅದನ್ನೂ ಉಳಿಸಿಕೊಳ್ಳಬಹುದು: ಪಂದ್ಯಾಂಕ ಸಮವಾದರೆ ಬೋರ್ಡ್ ಅಂಕ, ಅದೂ ಸಮವಾದರೆ ಆ ಎರಡು ತಂಡಗಳ ಪರಸ್ಪರ ಪಂದ್ಯದ ಫಲಿತಾಂಶ ನೋಡಿ.

ಸಮಬಲ ಅಪರೂಪವೇನಲ್ಲ. ಮಾಮಲ್ಲಪುರದಲ್ಲಿ ಉಜ್ಬೇಕಿಸ್ತಾನ ಮತ್ತು ಅರ್ಮೇನಿಯಾ ಎರಡಕ್ಕೂ 19 ಪಂದ್ಯಾಂಕ ಬಂದು, ಟೈಬ್ರೇಕ್‌ನಲ್ಲಿ ಚಿನ್ನ ಉಜ್ಬೇಕರಿಗೆ ಹೋಯಿತು. ಆದ್ದರಿಂದ ಟೈಬ್ರೇಕ್ ಕ್ರಮವನ್ನು ಮೊದಲೇ ಬರೆದು ಅಂಟಿಸಿ. ಬುಡಾಪೆಸ್ಟ್‌ನಲ್ಲಿ ನಮ್ಮ ಮುಕ್ತ ತಂಡಕ್ಕೆ ಅದರ ಅಗತ್ಯವೇ ಬೀಳಲಿಲ್ಲ: ಹತ್ತು ಗೆಲುವು, ಉಜ್ಬೇಕಿಸ್ತಾನದೊಂದಿಗೆ ಒಂದು 2–2, ಒಟ್ಟು 22ಕ್ಕೆ 21.

ಹಂತ 5: ನಾಯಕ ಏನು ಮಾತಾಡಬಹುದು

ಪ್ರತಿ ತಂಡಕ್ಕೂ ಆಡದ ನಾಯಕರೊಬ್ಬರು ಇರಲಿ, ಶಾಲೆಯ ಮಾಸ್ತರರು ಆದರೆ ಒಳ್ಳೆಯದು. ಅವರು ತಮ್ಮ ಆಟಗಾರನಿಗೆ ಡ್ರಾ ಕೇಳು, ಡ್ರಾ ಒಪ್ಪು, ಇಲ್ಲವೇ ಬಿಟ್ಟುಕೊಡು ಎಂದು ಹೇಳಬಹುದು. ಬೋರ್ಡ್ ಮೇಲಿನ ಸ್ಥಿತಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ.

ಕೊನೆಯ ಸುತ್ತು ಎಂದುಕೊಳ್ಳಿ. ಬಾದಾಮಿ 2–1ರಿಂದ ಮುಂದಿದೆ, ನಾಲ್ಕನೇ ಬೋರ್ಡ್ ಒಂದೇ ನಡೆಯುತ್ತಿದೆ. ಹುಡುಗಿಯ ಹತ್ತಿರ ಆನೆ, ಮೂರು ಕಾಲಾಳು, ಎದುರಾಳಿಗೂ ಅಷ್ಟೇ. ಗಡಿಯಾರದಲ್ಲಿ ಇಬ್ಬರಿಗೂ ಒಂದೊಂದು ನಿಮಿಷ. ಎದುರಿನ ಹುಡುಗ ಡ್ರಾ ಕೇಳಿದ. ಅವಳು ಕತ್ತೆತ್ತಿ, “ಸರ, ಡ್ರಾ ಕೇಳಾಕತ್ತಾನ್ರಿ, ತಗೋಳ್ಳೇನ್ರಿ?” ಅಂದಳು. ಸರ್ “ತಗೋವಾ” ಅನ್ನಬಹುದು, “ಬ್ಯಾಡವಾ, ಆಡು” ಅನ್ನಬಹುದು. “ನಿನ್ನ ಆನಿ ನೋಡ್ಕೋ” ಅಂದರೆ ತಪ್ಪು, ಆರ್ಬಿಟರ್, ಅಂದರೆ ತೀರ್ಪುಗಾರ, ಆ ನಾಯಕರನ್ನು ಹೊರಗೆ ಕಳಿಸಬೇಕು. ಇಲ್ಲಿ ಅರ್ಧ ಅಂಕ ಸಿಕ್ಕರೆ 2.5–1.5, ಪಂದ್ಯ ಬಾದಾಮಿಯದು. ಗೆಲ್ಲಲು ಹೋಗಿ ಸೋತರೆ 2–2.

ಮಾಮಲ್ಲಪುರದಲ್ಲಿ ಇಂಥದೇ ಆಯಿತು. ಸತತ ಎಂಟು ಆಟ ಗೆದ್ದಿದ್ದ 16 ವರ್ಷದ ಗುಕೇಶ್, ಹತ್ತನೇ ಸುತ್ತಿನಲ್ಲಿ ಉಜ್ಬೇಕಿಸ್ತಾನದ ಅಬ್ದುಸತ್ತೊರೊವ್ ಎದುರು ಗೆಲುವಿನ ಸ್ಥಿತಿಯಲ್ಲಿದ್ದ ಆಟವನ್ನು ಸೋತರು. ಪಂದ್ಯ 2–2 ಆಯಿತು. ಅಲ್ಲಿ ಅರ್ಧ ಅಂಕ ಬಂದಿದ್ದರೂ ಪಂದ್ಯ ಭಾರತದ್ದಾಗುತ್ತಿತ್ತು. ಆ ಹುಡುಗನ ಮುಖ ನೋಡಿದವರಿಗೆ ತಂಡಕ್ಕಾಗಿ ಆಡುವ ಭಾರ ಎಷ್ಟೆಂದು ಗೊತ್ತು. ಎರಡು ವರ್ಷದ ನಂತರ ಬುಡಾಪೆಸ್ಟ್‌ನಲ್ಲಿ ಅದೇ ಗುಕೇಶ್ 10ಕ್ಕೆ 9 ಅಂಕ ಗಳಿಸಿದರು.

ಹಂತ 6: ತಡ, ಗೈರು, ತಪ್ಪು ನಡೆ

ಡ್ರೆಸ್ಡೆನ್‌ನಲ್ಲಿ ಸುತ್ತು ಶುರುವಾಗುವಾಗ ಕುರ್ಚಿಯಲ್ಲಿ ಇಲ್ಲದವರಿಗೆ ಸೋಲು ಎಂಬ ನಿಯಮ ತಂದರು. ನಮ್ಮ ಬಸ್ಸುಗಳನ್ನು ನಂಬಿ ಅಷ್ಟು ಬಿಗಿ ಮಾಡುವುದು ಬೇಡ. ಹತ್ತು ನಿಮಿಷ ಕಾಯಿರಿ, ಗಡಿಯಾರ ಮಾತ್ರ ಸಮಯಕ್ಕೆ ಸರಿಯಾಗಿ ಶುರುವಾಗಲಿ. ಮುಟ್ಟಿದ ಕಾಯಿ ಆಡಲೇಬೇಕು. ನಿಯಮಬಾಹಿರ ನಡೆಗೆ ಮೊದಲ ಸಲ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೇ ಸಲ ಸೋಲು. ಮೊಬೈಲ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಸಿ.

ತಂಡವೇ ಬರದಿದ್ದರೆ ಎದುರಾಳಿಗೆ 4–0 ಎಂದು ಮೊದಲೇ ಹೇಳಿ. ಈ ಅಧ್ಯಾಯದ ಅತಿ ನೋವಿನ ಪುಟ 1939ರದು. ಬ್ಯೂನಸ್ ಐರಿಸ್‌ನಲ್ಲಿ ಒಲಿಂಪಿಯಾಡ್ ನಡೆಯುತ್ತಿರುವಾಗಲೇ ಜರ್ಮನಿ ಪೋಲೆಂಡ್ ಮೇಲೆ ದಾಳಿ ಮಾಡಿತು. ಇಂಗ್ಲೆಂಡ್ ತಂಡ ಊರಿಗೆ ಮರಳಿತು. ಯುದ್ಧದಲ್ಲಿದ್ದ ದೇಶಗಳ ಕೆಲವು ಪಂದ್ಯಗಳನ್ನು ಆಡಿಸದೆಯೇ 2–2 ಎಂದು ಬರೆದುಕೊಂಡರು. ಕೊನೆಗೆ ಜರ್ಮನಿಗೆ 36, ಪೋಲೆಂಡ್‌ಗೆ 35.5. ಪೋಲೆಂಡ್ ತಂಡದ ಯಹೂದಿ ಆಟಗಾರ ನಾಯ್ಡಾರ್ಫ್ ಹಿಂದಿರುಗಲಾಗದೆ ಅರ್ಜೆಂಟೀನಾದಲ್ಲೇ ಉಳಿದರು. ಬದುಕಿದ್ದೇನೆಂಬ ಸುದ್ದಿ ಪತ್ರಿಕೆಗಳ ಮೂಲಕವಾದರೂ ಮನೆಯವರಿಗೆ ಮುಟ್ಟಲಿ ಎಂದು ಏಕಕಾಲಕ್ಕೆ ನಲವತ್ತು ಬೋರ್ಡ್‌ಗಳಲ್ಲಿ, ಬೋರ್ಡ್ ನೋಡದೆ, ಆಡಿ ದಾಖಲೆ ಮಾಡಿದರು. ಮನೆಯವರು ಉಳಿದಿರಲಿಲ್ಲ.

ಹಂತ 7: ಬಹುಮಾನ

ಒಲಿಂಪಿಯಾಡ್ ಗೆದ್ದವರಿಗೆ 1927ರಿಂದಲೂ ಹ್ಯಾಮಿಲ್ಟನ್-ರಸೆಲ್ ಕಪ್ ಕೊಡುತ್ತಾರೆ, ಗೆದ್ದ ದೇಶದಿಂದ ದೇಶಕ್ಕೆ ಹೋಗುವ ಪರ್ಯಾಯ ಪಾರಿತೋಷಕ ಅದು. ನೀವೂ ಒಂದೇ ಗಟ್ಟಿ ಪಾರಿತೋಷಕ ಮಾಡಿಸಿ, ಪ್ರತಿ ವರ್ಷ ಗೆದ್ದ ತಾಲ್ಲೂಕಿನ ಹೆಸರು ಕೆತ್ತಿಸಿ. ತಾಲ್ಲೂಕು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಡದೆ ಮಕ್ಕಳು ನೋಡುವ ಜಾಗದಲ್ಲಿ ಇಡಲಿ.

ಬೋರ್ಡ್‌ವಾರು ಪದಕವನ್ನು ಖಂಡಿತ ಕೊಡಿ: ಮೊದಲ ಬೋರ್ಡ್‌ನಲ್ಲಿ ಹೆಚ್ಚು ಅಂಕ ಗಳಿಸಿದವರಿಗೊಂದು, ನಾಲ್ಕನೆಯದರಲ್ಲಿ ಗಳಿಸಿದವರಿಗೊಂದು, ಅಳತೆಯೂ ಒಂದೇ ಇರಲಿ. ಕನಿಷ್ಠ ನಾಲ್ಕು ಆಟ ಆಡಿರಬೇಕು ಎಂದು ಮಿತಿ ಹಾಕಿ. ಹುಡುಗಿಯರ ಪ್ರತ್ಯೇಕ ವಿಭಾಗ ನಡೆಸುವಷ್ಟು ತಂಡಗಳು ಸಿಕ್ಕ ವರ್ಷ, ಎರಡೂ ವಿಭಾಗಗಳ ಸಾಧನೆ ಕೂಡಿಸಿ ಇನ್ನೊಂದು ಬಹುಮಾನ ಇಡಬಹುದು. ಒಲಿಂಪಿಯಾಡ್‌ನಲ್ಲಿ ಅದಕ್ಕೆ ನೋನಾ ಗಪ್ರಿಂದಾಶ್ವಿಲಿ ಟ್ರೋಫಿ ಇದೆ. 2022ರಲ್ಲೂ 2024ರಲ್ಲೂ ಭಾರತವೇ ಗೆದ್ದಿತು.

ಆಟಗಾರರು ಊರಿಗೆ ಹೊರಡುವ ಮೊದಲು ಐದೂ ಸುತ್ತಿನ ಫಲಿತಾಂಶ ಪಟ್ಟಿಗೆ ಆರೂ ನಾಯಕರ ಸಹಿ ಹಾಕಿಸಿ, ಒಂದೊಂದು ಪ್ರತಿ ಕೈಗೆ ಕೊಡಿ. ಮುಂದಿನ ವರ್ಷ ಯಾವ ತಾಲ್ಲೂಕಿನಲ್ಲಿ ಎಂಬುದನ್ನೂ ಅಲ್ಲೇ ಚೀಟಿ ಎತ್ತಿ ತೀರ್ಮಾನಿಸಿ.